ಬಿದ್ದುಹೋಗುವ ಹಲ್ಲಿಗೆ

ಡಾಕ್ಟರ್ ಬಾರ್ರಿಯಾ ಕನ್ನಡಿಕಡ್ಡಿ ಕೆಳಗಿಟ್ಟು
ಬೆರಳು ಮಡಚಿದರು: ಮೇಲೆ, ಮುಂದಿನವು ನಾಲ್ಕು,
ಕೆಳಗೆ ಎಡ ದವಡೆಯದೊಂದು.
ಸುಯಾಯ್‌ಗೆ ನಾಲ್ಕು ವರ್ಷ. ಬಾಯಲ್ಲಿ ಐದು ತೂತು.
ವಯಸ್ಸಿಗಿಂತ ಒಂದು ಹೆಚ್ಚು.

ದಾರಿಗಳು ಹೀಗಿವೆ, ಅಂದರು.
ಪೋರ್ತೊ ಮೊಂತ್ ಆಸ್ಪತ್ರೆಯಲ್ಲಿ ಪೂರ್ತಿ ನಿದ್ದೆಗೆ ದೂಡಿ
ಒಂದೇ ಸಲಕ್ಕೆ ಎಲ್ಲ ಮುಗಿಸುವುದು.
ಅದಕ್ಕೆ ಎರಡು ಫೆರಿ, ಎಂಟು ತಿಂಗಳ ಪಟ್ಟಿ.
ಇಲ್ಲವೇ ಇಲ್ಲೇ, ಈ ಕುರ್ಚಿಯಲ್ಲೇ, ಒಂದು ಹನಿ ಮದ್ದು ಬಳಿಯುವುದು.
ಸೂಜಿಯಿಲ್ಲ, ಕೊರೆಯುವ ಯಂತ್ರವಿಲ್ಲ.
ಹುಳುಕು ಅಲ್ಲಿಗೇ ನಿಲ್ಲುತ್ತದೆ, ಹೆಚ್ಚುಪಾಲು.
ಆದರೆ ಹುಳುಕಿದ್ದ ಜಾಗ ಕಪ್ಪಾಗುತ್ತದೆ.
ಕಪ್ಪು ಅಂದರೆ?
ಕಪ್ಪು, ಅಂದರು. ಹಲ್ಲು ಬೀಳುವ ತನಕ.

ದಾಲ್ಕಾವೆಯಿಂದ ಮರಳುವ ಫೆರಿಯಲ್ಲಿ
ಅವಳು ಗಾಜಿಗೆ ಉಸಿರೂದಿ ಮೀನು ಬರೆದಳು.
ನಾನು ಹಿಂದಕ್ಕೆ ಎಣಿಸಿದೆ.
ಚಿಪ್ಪುಮೀನಿನ ಕಾರ್ಖಾನೆ, ರಾತ್ರಿ ಶಿಫ್ಟು, ಎರಡು ಚಳಿಗಾಲ.
ಹೊರಡುವಾಗ ಹಾಸಿಗೆಗೊಂದು ಬಾಟಲಿ:
ಬಿಸಿ ಹಾಲು, ಹುರಿದ ಗೋಧಿಹಿಟ್ಟು,
ಸಕ್ಕರೆ ಎರಡು ಚಮಚ; ಅತ್ತರೆ ಮೂರು.
ಹಾಲುಹಲ್ಲು ಅನ್ನುತ್ತೇವೆ.
ಹಾಲೇ ತಿಂದಿತು ಅವನ್ನು.
ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ
ಸಿಟ್ಟಾದರೂ ಮಾಡಬಹುದಿತ್ತು.

ಅತ್ತೆ ಓರ್ಫೆಲಿನಾ ಒಲೆಯ ಬಳಿ ಉಣ್ಣೆ ಹಿಂಜುತ್ತ
ಬಿದ್ದುಹೋಗುವ ಹಲ್ಲಿಗೆ ಇಷ್ಟು ಪಂಚಾಯ್ತಿಯೇ, ಅಂದರು.
ಅವರ ಕಾಲದಲ್ಲಿ ಒಬ್ಬ ಬರುತ್ತಿದ್ದನಂತೆ ದೋಣಿಯಲ್ಲಿ,
ಒಂದು ಇಕ್ಕಳ, ಒಂದು ಬಾಟಲಿ ಸಾರಾಯಿ;
ಒಂದೇ ಮಧ್ಯಾಹ್ನ ಹನ್ನೊಂದು ಕಿತ್ತನಂತೆ,
ಗಟ್ಟಿಯಿದ್ದವೂ ಸೇರಿ, ಮತ್ತೆ ಬರೋ ಖರ್ಚು ಉಳೀತು ಅಂತ.
ಆಗ ಅವರಿಗೆ ಇಪ್ಪತ್ಮೂರು.
ಹೇಳಿ ನಕ್ಕರು. ಕಟ್ಟಿಸಿದ ಹಲ್ಲು ಲೋಟದಲ್ಲಿ ನೆನೆಯುತ್ತಿತ್ತು.
ಬೊಚ್ಚುಬಾಯಿಗೆ ಸುಯಾಯ್ ಕೂಡ ನಕ್ಕಳು.

ಎಲಿಸೆಯೊ ದೋಣಿ ಕಟ್ಟುವವನು, ಹಲಗೆಯಲ್ಲೇ ಯೋಚಿಸುತ್ತಾನೆ:
ಅಂಚು ಮೆದುವಾಗಿದ್ದರೆ ಡಾಂಬರು ಬಳಿ, ಇನ್ನೆರಡು ವರ್ಷ ತೇಲುತ್ತೆ.
ಮೊಳೆ ಅಲ್ಲಾಡಿದರೆ ಹಲಗೆ ಕೀಳು.
ಡಾಂಬರು ಬಳಿದ ದೋಣಿಯನ್ನು ಯಾರೂ ಕುರೂಪಿ ಅನ್ನಲ್ಲ.
ದೋಣಿ ಮಾರ್ಚಿನಲ್ಲಿ ಶಾಲೆಗೆ ಹೋಗಲ್ಲ, ಅಂದೆ.
ದೋಣಿಯ ಫೋಟೋ ತೆಗೆಯುವಾಗ ಯಾರೂ ನಗು ಅನ್ನಲ್ಲ.
ಸುಮ್ಮನಾದ. ಆಮೇಲೆ, ದೀಪ ಆರಿದ ಮೇಲೆ,
ನಿದ್ದೆ ಮಾಡಿಸಿದವಳು ಏಳದಿದ್ದರೆ, ಅಂದ.
ತೀರಾ ಅಪರೂಪ, ಡಾಕ್ಟರ್ ಹೇಳಿದ್ದಾರಲ್ಲ.
ಹೇಳಿದ್ದಾರೆ.
ಇಬ್ಬರೂ ಅವಳ ಉಸಿರು ಕೇಳುತ್ತ ಮಲಗಿದೆವು.

ಮೂರನೆಯ ರಾತ್ರಿ ದವಡೆ ಹಿಡಿದು ಎದ್ದಳು.
ಅಳಲಿಲ್ಲ, ಅದೇ ಹೆದರಿಸಿತು;
ಗೋಡೆಯ ತಣ್ಣನೆ ಮರಕ್ಕೆ ಕೆನ್ನೆಯೊತ್ತಿ ನಿಂತಿದ್ದಳು,
ಚೆನ್ನಾಗಿ ರೂಢಿಯಿದ್ದವಳ ಹಾಗೆ.
ನಾನು ಕೆಲಸದಲ್ಲಿದ್ದಾಗ ಎಷ್ಟು ರಾತ್ರಿ ಹೀಗೆ ನಿಂತಿದ್ದಳೋ.
ಎಂಟು ತಿಂಗಳ ಮಾತು ಅಲ್ಲಿಗೆ ಮುಗಿಯಿತು.

ದವಡೆಯದನ್ನು ಮರಗಟ್ಟಿಸಿ ಕಿತ್ತರು. ಮುಂದಿನ ನಾಲ್ಕಕ್ಕೆ ಮದ್ದು.
ಸಹಿಗೆ ಮುಂಚೆ ಒಂದು ಫೋಟೋ ತೋರಿಸಿದರು,
ಬೇರೆ ಯಾವುದೋ ಮಗುವಿನದು,
ಮೂಗಿನಿಂದ ಮೇಲೆ ಮುಖವಿಲ್ಲ.
ಚಿಪ್ಪಿನ ಬಣ್ಣ, ಅಂದಳು ಸುಯಾಯ್.
ಅವಳ ಗಲ್ಲ ಹಿಡಿದಿದ್ದೆ. ಒಂದು ಹನಿ ನನ್ನ ಮಣಿಕಟ್ಟಿಗೆ ಜಾರಿತು,
ನೀರಿನ ಹಾಗೆ, ಬಣ್ಣವೇ ಇಲ್ಲದ್ದು.
ಬೆಳಗಾಗುವಷ್ಟರಲ್ಲಿ ದೃಷ್ಟಿಬೊಟ್ಟಿನಷ್ಟು ಕಪ್ಪು.

ಕಾರ್ಖಾನೆಯ ಮೇಲ್ವಿಚಾರಕಿ ಬ್ರಷ್ಷು ಕೊಟ್ಟು ಉಜ್ಜಿಸಿದಳು;
ಹೋಗದಿದ್ದಕ್ಕೆ ಗವಸು ಎರಡು ಜೊತೆ ಹಾಕಿಸಿದಳು.
ಹತ್ತನೆಯ ದಿನ ತಾನಾಗಿ ಹೋಯಿತು.
ನನಗೆ ಮಾತ್ರ ಎಷ್ಟು ಬೇಗ.

ಈಗ ಬಾಯಿ ತೆರೆದೇ ನಗುತ್ತಾಳೆ. ನಾನು
ಎದುರಿನವರ ಕಣ್ಣು ಎಲ್ಲಿಗೆ ಇಳಿಯುತ್ತದೆಂದು ನೋಡುತ್ತೇನೆ.
ಕಿತ್ತ ಹಲ್ಲನ್ನು ದಿಂಬಿನಡಿ ಇಟ್ಟಿದ್ದೆವು; ಇಲಿ ಬಂದು
ಐನೂರು ಪೆಸೊದ ಒಂದು ನಾಣ್ಯ ಇಟ್ಟುಹೋಯಿತು.
ನಾಣ್ಯ ತಿರುವಿ ತಿರುವಿ ನೋಡಿ ಕೇಳಿದಳು:
ಕರಿಯವಕ್ಕೂ ಇಷ್ಟೇ ಕೊಡುತ್ತಾ?
ಎಲಿಸೆಯೊ ಕೈಯಲ್ಲಿನ ಉಳಿಯಿಂದ ಕಣ್ಣೆತ್ತದೆ
ಅವಕ್ಕೆ ಜಾಸ್ತಿ, ಅಂದ.
ಎಷ್ಟು ಅಂತ ಅವಳು ನನ್ನ ಕಡೆ ನೋಡಿದಳು.