ಎಂಟು ಸ್ಕ್ರೂ

ಇಮ್ತಿಯಾಜ್ ಅದರ ಹೊಟ್ಟೆ ಬಿಚ್ಚಿ ತೋರಿಸಿದ.
ಬಟ್ಟಲಲ್ಲಿ ಎಂಟು ಸ್ಕ್ರೂ, ಜೀರಿಗೆಯ ಹಾಗೆ.
"ನೋಡಕ್ಕಾ, ಇದು ಬ್ಯಾಟರಿ, ಇದು ಫ್ಯಾನು,
ಸತ್ತದ್ದನ್ನ ಕಿತ್ತು ಬೇರೆ ಹಾಕ್ಬಹುದು.
ನಿಮ್ಮ ಕೈ ಹೇಗೆ ಹೇಳುತ್ತೋ ಹಾಗೆ."
ಹಾಸನದ ಹನ್ನೊಂದರ ಬಿಸಿಲು
ಅದರ ಕರುಳ ಮೇಲೆ ಬಿತ್ತು.

ಇನ್ನೊಂದು, ಸಾಲಗಾಮೆ ರಸ್ತೆಯ ಗಾಜಿನಂಗಡಿಯಲ್ಲಿ.
ತೆಳ್ಳಗೆ, ಬೂದುಬಣ್ಣ, ಎಲ್ಲೂ ಒಂದು ತೂತಿಲ್ಲ.
ಹುಡುಗ ಒಂದೇ ಬೆರಳಲ್ಲಿ ಮುಚ್ಚಳ ಎತ್ತಿದ,
ಎದ್ದೇ ಇತ್ತು, ಮಲಗಿಯೇ ಇರಲಿಲ್ಲವೆಂಬಂತೆ.
"ಒಳಗೇನಿದೆ?" ಅಂದೆ.
"ಅದು ನಿಮಗೆ ಬೇಕಾಗಲ್ಲ ಮೇಡಂ."
ಬೇಕಾಗಲ್ಲ.
ಇಡೀ ದಿನ ಹಲ್ಲಿನ ಸಂದಿಯಲ್ಲಿ ಆ ಮಾತು,
ಏಲಕ್ಕಿ ಸಿಪ್ಪೆ.

ಇಪ್ಪತ್ತೆರಡು ವರ್ಷ ತಾಲ್ಲೂಕು ಕಚೇರಿ ಎದುರು
ಕ್ರಯಪತ್ರ, ವಿಭಾಗಪತ್ರ, ಪೌತಿ ಖಾತೆಯ ಅರ್ಜಿ ಹೊಡೆದವಳು ನಾನು.
ಟೈಪ್‌ರೈಟರಿನ ಮೇಲೆ ಕಲಿತ ಬೆರಳು.
ಅರ್ಕಾವೊತ್ತು ಎಲ್ಲಿದೆಯೆಂದು ಕೇಳಿದರೆ ಬಾಯಿಗೆ ಗೊತ್ತಿಲ್ಲ,
ಬಲಗೈ ಕಿರುಬೆರಳಿಗೆ ಗೊತ್ತು.
ಹಳೆಯದಕ್ಕೆ ಇಮ್ತಿಯಾಜನೇ ಎರಡು ಸಂಜೆ ಕೂತು
ಒಂದೊಂದು ಕೀಲಿಗೂ ನನ್ನ ಬೆರಳ ಬುದ್ಧಿ ಹೇಳಿಕೊಟ್ಟಿದ್ದ.
ಅದೀಗ ಸತ್ತಿದೆ. ಬುದ್ಧಿ ಇನ್ನೂ ಬೆರಳಲ್ಲೇ ಇದೆ.

ಆದರೂ ಹೇಳಬೇಕಾದ್ದು ಹೇಳಬೇಕು,
ಬಿಚ್ಚುವ ಯಂತ್ರದ ಜೊತೆ ಏಗಿದ್ದೇನೆ.
ಶುಕ್ರವಾರ ಒಂದು ಗಂಟೆ, ಟೋಕನ್ನು ಕೂಗುವ ಹೊತ್ತು,
ಕಟ್ಟಾಯದ ಕಡೆಯ ಅಣ್ಣತಮ್ಮಂದಿರು ಐದು ಜನ,
ಮನಸ್ಸು ಮುರಿಯುವ ಮೊದಲು ರುಜು ಬೀಳಬೇಕು,
ಆಗ ಪರದೆ ನೀಲಿ.
ಇಮ್ತಿಯಾಜ್ ನಮಾಜಿಗೆ ಹೋಗಿದ್ದ.
ಐವರೂ ಐದು ದಿಕ್ಕಿಗೆ ಮುಖ ಮಾಡಿ ನಿಂತರು.
ಎರಡನೆಯವನು ಮೆಲ್ಲಗೆ, "ಬ್ಯಾಡ ಬುಡಿ,
ಬಾವಿ ನಂಗೇ ಬರ್ಬೇಕಿತ್ತು."
ಆ ವಿಭಾಗ ಇವತ್ತಿಗೂ ಆಗಿಲ್ಲ.
ಯಂತ್ರದ ತಪ್ಪೋ, ಬಾವಿಯದೋ.

"ರೆಡಿಮೇಡ್ ತಗೋ ಕೋಮಲಾಕ್ಷಿ," ಅಂದ
ಪಕ್ಕದ ಮೇಜಿನ ಶಾಂತವೀರಪ್ಪ,
"ದರ್ಜಿ ದೀಪಾವಳಿಗೆ ಅಂದು ಯುಗಾದಿಗೆ ಕೊಡ್ತಾನೆ."
ಅವನ ರೆಡಿಮೇಡ್ ಅಂಗಿಯ ತೋಳು
ಹೆಬ್ಬೆಟ್ಟಿನ ಗುರುತು ಹಾಕುವಾಗೆಲ್ಲ
ಮಸಿಯಲ್ಲಿ ಅದ್ದಿಹೋಗುತ್ತದೆ.

ಮತ್ತೆ ಹೋದೆ ಗಾಜಿನಂಗಡಿಗೆ.
ಕಣ್ಣು ಮುಚ್ಚಿ ಹೊಡೆದೆ, ಪೂರ್ವಕ್ಕೆ ಹಳ್ಳ.
ಬಂದದ್ದು ಯಾವ ದಿಕ್ಕೂ ಅಲ್ಲ.
"ಇದ್ರಲ್ಲಿ ಹೀಗೇ ಮೇಡಂ,
ನೀವೇ ಅಭ್ಯಾಸ ಮಾಡ್ಕೋಬೇಕು."
ಐವತ್ತೊಂದನೇ ವಯಸ್ಸಿಗೆ
ಹತ್ತು ಬೆರಳನ್ನೂ ಒಂದನೇ ಕ್ಲಾಸಿಗೆ ಸೇರಿಸಬೇಕು.
ಮುಚ್ಚಳ ಮುಚ್ಚಿದೆ. ಸದ್ದೇ ಆಗಲಿಲ್ಲ,
ಎಷ್ಟು ಚೆನ್ನಾಗಿ ಮುಚ್ಚಿಕೊಂಡಿತೆಂದರೆ
ಹೊಟ್ಟೆಕಿಚ್ಚಾಯಿತು.

ಕೊಂಡದ್ದು ಎಂಟು ಸ್ಕ್ರೂನದ್ದನ್ನೇ.
ಒಂದು ಷರತ್ತು ಹಾಕಿದೆ ಇಮ್ತಿಯಾಜನಿಗೆ:
ಸ್ಕ್ರೂಡ್ರೈವರ್ ನನ್ನ ಡ್ರಾಯರಿನಲ್ಲಿರಬೇಕು,
ಬಿಚ್ಚುವುದು ನನಗೂ ಬರಬೇಕು.
ಕಲಿಸಿದ, ಗೊಣಗುತ್ತಾ, ಟೀ ಆರುವವರೆಗೆ.

ನಿನ್ನೆ ಶುಕ್ರವಾರ.
ನಾನೇ ಬಿಚ್ಚಿದೆ, ಊದಿದೆ, ಒರೆಸಿದೆ, ಮುಚ್ಚಿದೆ.
ಟೋಕನ್ ಹದಿನಾಲ್ಕು ಕೂಗಿದರು.
ಪರದೆ ಹೊತ್ತಿತು, ಪೂರ್ವಕ್ಕೆ ಹಳ್ಳ ಬಂತು,
ಪಶ್ಚಿಮಕ್ಕೆ ಸರ್ಕಾರಿ ದಾರಿ.
ಮೇಜಿನ ಮೇಲೆ ಒಂದು ಸ್ಕ್ರೂ ಉಳಿದಿತ್ತು.
ಅದೀಗ ಸ್ಟಾಂಪ್ ಪ್ಯಾಡಿನ ಡಬ್ಬಿಯಲ್ಲಿದೆ,
ಇಮ್ತಿಯಾಜನಿಗೆ ಹೇಳಿಲ್ಲ.