ಸೀಟು ಹೊಲಿಯಾಂವ ಹೇಳಿದ್ದು

ಬುಲೆಟ್ಟಿಗೆ ಹೊಲದೀನಿ, ಲೂನಾಕ್ಕ ಹೊಲದೀನಿ,
ಟಂಟಂ, ಟ್ರ್ಯಾಕ್ಟರು, ಒಮ್ಮೆ
ಹಲ್ಲಿನ ಡಾಕ್ಟರರ ಕುರ್ಚಿಗೂ ಹೊಲದೀನಿ.
ನೀರಾಗ ಓಡೂ ಗಾಡಿಗೆ
ಅಳತಿ ಹಿಡದದ್ದು ಇದ ಮೊದಲು.

ಎಲ್ಲೋ ಬಂದಾದ ಬೋಟಿಂಗ್ ಕ್ಲಬ್ಬಿನ ಲಿಲಾವು.
ದಸ್ತಗೀರ ಕಿಲೋ ಲೆಕ್ಕದಾಗ ಕೊಂಡು ತಂದ.
ಗುಜರಿ ಲಾರಿಯಿಂದ ಇಳದು ಕುಂತಿತು,
ಮೈ ಸುಲಿದ ಮೊಸಳಿ ಹಂಗ,
ನವನಗರದ ಅಂವನ ಅಂಗಳದಾಗ,
ಅರಬಿ ಒಣಗೂ ಹಗ್ಗದ ಕೆಳಗ.
ಮೈಮುನಾ ಒಂದ ಮಾತಂದಳು:
"ಇದನ್ನ ತೊಳಿಯಾಕ ನನ್ನ ಕೊಡದಾನ ನೀರು ಕೇಳಬ್ಯಾಡ್ರಿ."

ಮೂವತ್ತು ವರ್ಷ ಬೋರಿನ ಮೋಟರು ಸುತ್ತಿದ ಕೈ ಅಂವಂದು.
ಹೊಟ್ಟಿ ಬಿಚ್ಚಿದ.
ಇರುವಿ ಗೂಡು ಬಂತು, ಒಂಟಿ ಹವಾಯಿ ಚಪ್ಲಿ ಬಂತು,
ಹಿಡಕೊಂಡು ಕುಂತ ಪಿಸ್ಟನ್ನು ಮಾತ್ರ ಬರಲಿಲ್ಲ.
ಹಿಂದಿನ ತೂತಿನ್ಯಾಗ ಮೊಣಕೈತನಾ ತೂರಿಸಿ
ಒಂದು ಪಂಕಾ ಹೊರಗ ತಗದು
ತಿರುವಿ ನೋಡಿ, ಸಣ್ಣ ದನ್ಯಾಗ ಅಂದ:
"ಮಾನಪ್ಪಾ, ಇದು ಪಂಪೋ!
ನಮ್ಮ ಬೋರಿನ ಪಂಪ ಅಡ್ಡ ಮಲಗೇತಿ, ಅಷ್ಟ.
ಅಲ್ಲಿ ಪಂಪ ನಿಂತು ನೀರು ಹೋಗತೈತಿ,
ಇಲ್ಲಿ ನೀರ ನಿಂತು ಪಂಪು ಹೋಗತೈತಿ."
ಅವತ್ತಿಂದ ಅಂವ ಯಾರನ್ನೂ ಏನೂ ಕೇಳಲಿಲ್ಲ.

ಪಿಸ್ಟನ್ನಿಗೆ ಎಂಟು ದಿನ ಡೀಸಲ್ ಕುಡಿಸಿದ.
ಬೆಳಗಾವಿ ಉದ್ಯಮಬಾಗಕ್ಕ ಹೋಗಿ
ಲೇತಿನ ಮ್ಯಾಲೆ ಬುಶ್ಶು ಕೆತ್ತಿಸಿಕೊಂಡು
ರಾತ್ರಿ ಬಸ್ಸಿಗೆ ತಿರುಗಿ ಬಂದ, ಕಿಸೆದಾಗ ಬಿಸಿ ಇದ್ದಂಗ ಹಿಡಕೊಂಡು.
ಸೀಳಿದ ತಳಕ್ಕ ಫೈಬರ್ ಹಚ್ಚಿದಾಂವ
ಹೋಟೆಲಿನ ಮುಂದ ನಿಂದ್ರಸೂ ಆನಿ ಮಾಡೂ ಹುಡುಗ.
ಅದಕ್ಕ ಬಣ್ಣ ಇವತ್ತಿಗೂ ಆನಿದು.

ಸೀಟು ನನ್ನ ಪಾಲಿಗೆ.
ಹಳೇ ರೆಗ್ಜಿನ್ ಸುಲದೆ. ಒಳಗ ಫೋಮಿನ್ಯಾಗ
ಮುಂದ ಒಂದು ಆಳದ ತಗ್ಗು, ನಡಸಾಂವಂದು.
ಹಿಂದ ಭಾಳ, ಒಂದರ ಮ್ಯಾಲೊಂದು, ಹಗುರ,
ಐದು ನಿಮಿಷಕ್ಕ ರೊಕ್ಕಾ ಕೊಟ್ಟು
ಕಣ್ಣು ಮುಚ್ಚಿ ಕುಂತು ಹ್ವಾದವರದು.
ಹಿಂದಿಂದು ಕೊರದು ಹೊಸಾ ಫೋಮು ತುಂಬಿದೆ.
ಮುಂದಿಂದು ಯಾಕೋ ಕೈ ಬರಲಿಲ್ಲ. ಬಿಟ್ಟೆ.

ಹೊಲಿಗಿ ಅಂದ್ರ ತೂತು ನೋಡ್ರಿ.
ನಲವತ್ತು ವರ್ಷ ತೂತು ಹೊಡದ ಹೊಟ್ಟಿ ಹೊರದಾಂವ
ಮೊದಲ ಸಲ ತೂತಿಗೆ ಅಂಜಿದೆ.
ಒಂದೊಂದು ಟಾಕಿಗೂ ಮೇಣ ತಿಕ್ಕಿದೆ,
ಹೆಬ್ಬೆರಳ ಗೆರಿ ಅಳಿಸೂ ಹಂಗ.

ಅನಗವಾಡಿ ಪೂಲಿನ ಹತ್ರ, ಹಿನ್ನೀರಿನ ದಂಡಿಗೆ
ಕಬ್ಬಿನ ಟ್ರಾಲಿಯಾಗ ಒಯ್ದಿವಿ.
ಕೆಮ್ಮಿತು. ನೀಲಿ ಹೊಗಿ. ಬೆಳ್ಳಕ್ಕಿ ಎದ್ದವು.
ದಸ್ತಗೀರ ಲುಂಗಿ ಎತ್ತಿ ಕಟ್ಟಿ, ಹೊಂಟ ಬಿಟ್ಟ!
ಒಂದು ಸುತ್ತು ಹೊಡದ. ಎರಡು.
ಮೂರನೇದಕ್ಕ ಗಾಡಿ ಹಿಂದಕ್ಕ ಜಗ್ಗಾಕತ್ತು,
ಮೂಗು ಮ್ಯಾಲೆತ್ತಿ ಎಮ್ಮಿ ಹಂಗ ಕೂಡಾಕತ್ತು.
ನನ್ನ ಟಾಕಿ ಬಿಟ್ಟಾವು ಅಂತ
ನಾ ದಂಡಿ ಮ್ಯಾಲ ಬೆವತೆ.
ಮೈಮುನಾ ಬುತ್ತಿ ಚೀಲದಾಗ ಉಪ್ಪಿನಕಾಯಿ ಹುಡುಕಾಕಿ
ಕೈಯಾಗ ಏನೋ ಹಿಡದು ಕೇಳಿದಳು:
"ಈ ಬೂಚ ಯಾವದರದ್ರಿ?
ಜೋಪಾನ ಇಡು ಅಂತ ನಿನ್ನೆ ಕೊಟ್ಟಿದ್ರು."

ಎಳದು ದಂಡಿಗೆ ಹಚ್ಚಿ
ಆ ಒಂದ ತೂತಿನಿಂದ ಅರ್ಧ ತಾಸು
ಹೊಳಿ ಹೊರಗ ಹೋಗೂದು ನೋಡಕೊಂತ
ರೊಟ್ಟಿ ತಿಂದಿವಿ. ಯಾರೂ ಯಾರಿಗೂ ಬೈಲಿಲ್ಲ.

ಎರಡನೇ ಸಲ ಅಂವ ಚುಕ್ಕಿ ಆಗೂತನಾ ಹ್ವಾದ.
ಸಪ್ಪಳ ಅಷ್ಟ ಉಳೀತು,
ಬ್ಯಾರೆ ಊರಿನ ಹಿಟ್ಟಿನ ಗಿರಣಿ ಹಂಗ.
ತಿರುಗಿ ಬಂದು, ಗಡ್ಡದ ನೀರು ಒರಸ್ಕೊಂಡು:
"ಮುಂದಿನ ತಗ್ಗು ನೀ ತುಂಬಿಲ್ಲ."
"ತ್ರಾಸಾತೇನು?"
"ಇಲ್ಲೋ. ಯಾರೋ ಕುಂತು
ಬಿಸಿ ಮಾಡಿ ಎದ್ದು ಹೋಗಿದ್ದಂಗಿತ್ತು."

ನಾ ಏನೋ ಅನ್ನೂದರಾಗ
ಮೈಮುನಾ ಚಪ್ಪಲಿ ಬಿಟ್ಟು, ಸೆರಗು ಸಿಗಿಸಿ,
ಬೂಚ ಎರಡು ಸಲ ಒತ್ತಿ ನೋಡಿ,
ಅಂವನ ಹಿಂದ ಹತ್ತಿ ಕುಂತಳು.
ಹೊಸಾ ಫೋಮು ಉಸ್ಸಂತ ಉಸರು ಬಿಟ್ಟು
ಒಂದ ಬೆರಳಷ್ಟು
ಕೆಳಗ ಇಳೀತು.