ಬಟ್ಟಲ ಕಣ್ಣು

ಜಬೀನಾ ಟೀಚರ್ ತಂದದ್ದು ಜೆರಾಕ್ಸ್ ಹಾಳೆ.
ಮಸಿ ಮೆತ್ತಿ ಎಲ್ಲ ಅಳಿಸಿ, ಉಳಿದದ್ದು
ಎರಡು ಕಣ್ಣು.
"ಗ್ರೀಕರು ಕುಡೀತಿದ್ದ ಬಟ್ಟಲು.
ಸ್ಕೂಲಿನ ಪ್ರದರ್ಶನಕ್ಕೆ ಇಂಥದೊಂದು ಮಾಡಿಕೊಡಿ."

ಮಾಲೂರಿನ ಹೆಂಚಿನ ಫ್ಯಾಕ್ಟರಿಯಲ್ಲಿ
ಇಪ್ಪತ್ತಾರು ವರ್ಷ ಒಂದೇ ಅಚ್ಚು ಒತ್ತಿದ ಕೈ.
ದುಂಡಗಿನದು ಏನಾದರೂ ಕೇಳಿದರೆ
ಈಗಲೂ ಒಳಗೊಳಗೆ ಹಿಗ್ಗುತ್ತದೆ.

ಅಗಲ ಬಾಯಿ, ಆಳವಿಲ್ಲ.
ಎರಡು ಕಿವಿ. ಕೆಳಗೆ ಒಂದೇ ಕಾಲು,
ಕೆರೆಯಲ್ಲಿ ಕೊಕ್ಕರೆ ನಿಂತ ಹಾಗೆ.
ಮೊದಲನೆಯದು ತಿಗರಿಯ ಮೇಲೇ ಕುಸಿಯಿತು.
ಎರಡನೆಯದರ ಕಾಲು ಸೊಟ್ಟ.
ಮೂರನೆಯದಕ್ಕೆ ಬೈದೇಬಿಟ್ಟೆ:
"ಏನಯ್ಯಾ, ಕುಡಿಯೋಕೆ ಮುಂಚೇನೇ ತೂರಾಡ್ತೀಯಾ?"

ನಮ್ಮ ಕುಡಿಕೆಗೆ ಕಾಲಿರಲಿಲ್ಲ, ಕಿವಿಯೂ ಇರಲಿಲ್ಲ.
ಅಪ್ಪ ಈಚಲ ಹೆಂಡ ಎತ್ತಿದರೆ
ಮುಖ ಪೂರ್ತಿ ಮುಚ್ಚಿ
ಮೀಸೆಯ ತುದಿ ಮಾತ್ರ ಆಚೆ.
ಕುಡಿಕೆ ಇಳಿದಾಗ ಯಾವ ಅಪ್ಪ ಹೊರಬರುತ್ತಾನೋ,
ಹೊಡೆಯುವವನೋ, ಹೆಗಲಿಗೇರಿಸುವವನೋ,
ನಾವು ಕಂಬಕ್ಕೆ ಆತು ಕಾಯುತ್ತಿದ್ದೆವು.

ಬಟ್ಟಲೆತ್ತಿದರೆ, ಅಂದರು ಟೀಚರ್,
ಕುಡಿಯುವವನ ಕಣ್ಣಿದ್ದ ಕಡೆ ಬಟ್ಟಲ ಕಣ್ಣು.
ಹಿಡಿಯೇ ಕಿವಿ. ಕಾಲಿನ ಅಡಿಯ ಗುಂಡಿ, ತೆರೆದ ಬಾಯಿ.
ಎದುರು ಕೂತವರಿಗೆ ವೇಷ ಕಟ್ಟಿದ ಹಾಗೆ.

ಬಣ್ಣಕ್ಕೆ ಸೋತೆ.
ಆವಿಗೆಗೆ ಹೊಟ್ಟು ಸುರಿದು ಉಸಿರು ಕಟ್ಟಿದರೆ ಕಪ್ಪು,
ಉಸಿರಾಡಲು ಬಿಟ್ಟರೆ ಕೆಂಪು, ಇಷ್ಟು ಗೊತ್ತು.
ಒಂದೇ ಮೈಯಲ್ಲಿ ಎರಡೂ, ನಡುವೆ ಕೂದಲೆಳೆಯ ಗೆರೆ,
ಹೇಗೆ ಸುಟ್ಟರೋ ಮಹಾರಾಯರು!
ನಾನು ಕೆಂಪಗೆ ಸುಟ್ಟು, ಕಾಡಿಗೆಯಲ್ಲಿ ಕಣ್ಣು ಬರೆದೆ.
ಮೋಸ. ಟೀಚರಿಗೆ ಹೇಳಿದ್ದೇನೆ.

ಒಳಗೆ ತಳದಲ್ಲೂ ಚಿತ್ರ ಇರುತ್ತಿತ್ತಂತೆ,
ಕುಡಿದು ಮುಗಿಸಿದವನಿಗೆ ಮಾತ್ರ ಕಾಣುವಂಥದ್ದು.
ಕೊನೆಯ ಗಸಿಯನ್ನು ತಟ್ಟೆಗೆ ಗುರಿಯಿಟ್ಟು ಎರಚಿ
ಮನಸಿನವರ ಹೆಸರು ಹೇಳುವ ಆಟವೂ ಇತ್ತಂತೆ.

ಕಡ್ಡಿ ಕೈಯಲ್ಲೇ ನಿಂತಿತು.

ಅಪ್ಪನೂ ಗಸಿ ಕುಡಿಯುತ್ತಿರಲಿಲ್ಲ.
ಹೊಂಗೆ ಮರದ ಬುಡಕ್ಕೆ ಬೀಸಿ ಎರಚಿ
"ಮುನಿತಾಯೀ" ಅನ್ನುತ್ತಿದ್ದ.
ಹಗಲೆಲ್ಲ "ಇವಳೇ", "ಲೇ", "ಎಲ್ ಸತ್ತೋದ್ಲು".
ಹೆಸರು ಆ ಒಂದು ಗಳಿಗೆ, ಅದೂ ಮರಕ್ಕೆ.
ಅಮ್ಮ ಒಲೆಯ ಮುಂದೆ ಮುದ್ದೆ ತೊಳಸುತ್ತ
ಓಗೊಡುತ್ತಿರಲಿಲ್ಲ. ಕೋಲು ಒಂದಿಷ್ಟು
ನಿಂತು ತಿರುಗುತ್ತಿತ್ತು, ಅಷ್ಟೆ.

"ಓಡೋ ಹುಡುಗನ್ನ ಬರೀರಿ, ಸುಲಭ," ಅಂದರು ಟೀಚರ್.
ತಳದಲ್ಲಿ ನನ್ನ ಕೈಗೆ ಬಂದದ್ದು
ನೆಟ್ಟಗೆ ನಿಂತ ಮುದ್ದೆ ಕೋಲು.
ಬರೀ ಗೆರೆ ಅಲ್ವಾ ತಾತ, ಅಂದ ಮೊಮ್ಮಗ.
ಇರಲಿ.

ನಿನ್ನೆ ಸಂಜೆ ಮಜ್ಜಿಗೆ ಹೊಯ್ದು ನೋಡಿದೆ.
ಎತ್ತಿದ್ದೇ ಇವಳು ಫಕ್ಕನೆ ನಕ್ಕಳು,
ಆಮೇಲೆ ಸುಮ್ಮನಾದಳು.
"ಇಳಿಸಿ, ಸಾಕು. ಮಾವ ನೋಡ್ದಂಗಾಯ್ತು."

ಬೆರಳಿಗೆಲ್ಲ ಕಾಡಿಗೆ. ತಳದಲ್ಲಿ ಒಂದು ಗುಟುಕು.
ಹೊಂಗೆ ಮರ ಕಡಿದು ಹತ್ತು ವರ್ಷ,
ಅಲ್ಲೀಗ ಸಿಂಟೆಕ್ಸ್ ಟ್ಯಾಂಕು.
ಬೀಸಿ ಎರಚಿದೆ, ತಾಗಲಿಲ್ಲ.
"ಪಿಳ್ಳಮ್ಮಾ" ಅಂದೆ.

ಅವಳು ತಿರುಗಿ ಬಾಗಿಲ ಕಡೆ ನೋಡಿದಳು,
ಯಾರೋ ಬಂದು ಕರೆದರೇನೋ ಅಂತ.